ಚಂದ್ರಿಗೆ ನೀತಿಯಿಲ್ಲವೆ?

‘ಸಂಸ್ಕಾರ’ದ ಪ್ರಾಣೇಶಾಚಾರ್ಯ ನೈತಿಕ ವ್ಯಕ್ತಿ, ನಾರಣಪ್ಪ ಅನೈತಿಕ, ಚಂದ್ರಿ ನೀತಿ-ಅನೀತಿಗಳೆರಡರ ಆಚೆಗಿರುವ ಪ್ರಕೃತಿ. ಎಂ.ಎ. ಪರೀಕ್ಷೆಯಲ್ಲಿ ನಾನು ಹೀಗೇ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಮೇಲ್ನೋಟಕ್ಕೆ ಅದು ಚಂದ್ರಿಯನ್ನು ಹೊಗಳಿದಂತೆ ಕಾಣುತ್ತದೆ. ಈಗ ನನಗೆ ಅದು ಅವಳಿಗೆ ಮಾಡಿದ ಅನ್ಯಾಯವೆನ್ನಿಸುತ್ತಿದೆ.

1965ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ಈ ಕಾದಂಬರಿಯಲ್ಲಿ ಯಾರು ಏನು ಮಾಡುತ್ತಾರೆಂದು ಒಮ್ಮೆ ಲೆಕ್ಕ ಹಾಕಿ ನೋಡಿ. ನಾರಣಪ್ಪನ ಹೆಣ ಕೊಳೆಯುತ್ತಿದೆ. ಸಂಸ್ಕಾರ ಮಾಡಬೇಕಾದವರು ಯಾರೆಂದು ಅಗ್ರಹಾರ ಜಗಳವಾಡುತ್ತಿದೆ. ಆಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕಿ, ಸಿಗದೆ, ಮಾರುತಿಯ ಗುಡಿಯಲ್ಲಿ ಅಪ್ಪಣೆಗಾಗಿ ಕಾಯುತ್ತಾರೆ. ಚಂದ್ರಿಯಾದರೋ ಸಂಸ್ಕಾರದ ಖರ್ಚಿಗೆಂದು ಮೈಮೇಲಿನ ಚಿನ್ನವನ್ನೇ ಬಿಚ್ಚಿಡುತ್ತಾಳೆ. ಅದನ್ನು ಕಂಡು ಬ್ರಾಹ್ಮಣರಿಗೆ ಆಸೆ ಹುಟ್ಟುತ್ತದೆಯೇ ಹೊರತು ಕೆಲಸವಾಗುವುದಿಲ್ಲ. ಕೊನೆಗೆ ಮೀನು ಮಾರುವ ಅಹಮದ್ ಬ್ಯಾರಿಯ ನೆರವಿನಿಂದ ಅವಳೇ ರಾತ್ರೋರಾತ್ರಿ ಹೆಣ ಸುಡಿಸುತ್ತಾಳೆ. ಕಾಡಿನಲ್ಲಿ ಆಚಾರ್ಯರೊಡನೆ ನಡೆದದ್ದನ್ನು ಹೇಳಿ ಅವರ ಮಾನ ಕಳೆಯಲು ಮನಸ್ಸಾಗದೆ, ಸುಮ್ಮನೆ ಕುಂದಾಪುರದ ದಾರಿ ಹಿಡಿಯುತ್ತಾಳೆ. ಇಡೀ ಅಗ್ರಹಾರಕ್ಕೆ ಬಿಡಿಸಲಾಗದ ಧರ್ಮಸಂಕಟವನ್ನು ಬಿಡಿಸಿದವಳು ಇವಳೊಬ್ಬಳೇ.

ವೇಶ್ಯಾಕುಲದವಳಿಗೆ ಈ ಕಟ್ಟಳೆಗಳು ಅನ್ವಯಿಸುವುದಿಲ್ಲವೆಂದು ಕಾದಂಬರಿಯೇ ಹೇಳುತ್ತದಲ್ಲ ಎಂದು ನೀವು ಕೇಳಬಹುದು. ನಿಜ. ಕತ್ತಲು, ಕಾಡು, ಹಸಿವುಗಳ ನಡುವೆಯೇ ಕಾದಂಬರಿ ಅವಳನ್ನು ತೋರಿಸುತ್ತದೆ ಎಂಬುದೂ ನಿಜ. ಆದರೆ ಅಗ್ರಹಾರದ ಕಟ್ಟಳೆಯ ಹೊರಗಿರುವುದು ಬೇರೆ, ಅಂತಃಕರಣದ ಹೊರಗಿರುವುದು ಬೇರೆ. ನಾರಣಪ್ಪನಿಗೆ ಅವಳು ಕೈಹಿಡಿದ ಹೆಂಡತಿಯಲ್ಲ. ಹೆಣವನ್ನು ಬಿಟ್ಟು ಹೋಗಿದ್ದರೆ ಯಾವ ಶಾಸ್ತ್ರವೂ ಅವಳನ್ನು ಕೇಳುತ್ತಿರಲಿಲ್ಲ. ಹಾಗಿದ್ದೂ ಅವಳು ಹೋಗಲಿಲ್ಲ. ಯಾರೂ ಹೊರಿಸದ ಹೊಣೆಯನ್ನು ತಾನೇ ಹೊತ್ತುಕೊಳ್ಳುವುದು ನೀತಿಯಲ್ಲವಾದರೆ ಇನ್ನಾವುದು ನೀತಿ?

ಆಚಾರ್ಯರು ಪುಟಗಟ್ಟಲೆ ಯೋಚಿಸುತ್ತಾರೆ, ಆದ್ದರಿಂದ ಅವರ ತಪ್ಪೂ ನಮಗೆ ನೈತಿಕ ಪ್ರಶ್ನೆಯಾಗುತ್ತದೆ. ಚಂದ್ರಿ ಹೆಚ್ಚು ಮಾತಾಡದೆ ಮಾಡಿ ಮುಗಿಸುತ್ತಾಳೆ, ಆದ್ದರಿಂದ ಅವಳ ನಿರ್ಧಾರ ಮಳೆ ಬಂದಂತೆ, ಹೂ ಅರಳಿದಂತೆ ತಾನಾಗಿ ಆದದ್ದೆಂದು ಓದುತ್ತೇವೆ. ಓದು ಬಲ್ಲ ಗಂಡಸಿಗೆ ಮನಸ್ಸಾಕ್ಷಿ, ಸೂಳೆಯೆನ್ನಿಸಿಕೊಂಡ ಹೆಂಗಸಿಗೆ ಬರೀ ಮೈ! ಇದು ಅಗ್ರಹಾರದ ತೀರ್ಪೇ. ವಿಮರ್ಶೆಯ ಭಾಷೆಯಲ್ಲಿ ನಾವು ಅದನ್ನು ಮತ್ತೆ ಬರೆಯುತ್ತಿದ್ದೇವೆ.

ಅವಳನ್ನು ದೇವತೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಚಿನ್ನ ಬಿಚ್ಚಿಟ್ಟದ್ದು, ಹೆಣ ಸುಡಿಸಿದ್ದು, ಬಾಯಿ ಬಿಡದೆ ಹೋದದ್ದು, ಈ ಮೂರನ್ನೂ ಅವಳ ತೀರ್ಮಾನಗಳೆಂದು ಓದಿ. ಬೇಕಿದ್ದರೆ ಆ ಮೌನ ತಪ್ಪೆಂದೂ ವಾದಿಸಿ. ಆಗಲಾದರೂ ತಪ್ಪು ಮಾಡಬಲ್ಲ ಮನುಷ್ಯಳೆಂದು ಅವಳನ್ನು ಒಪ್ಪಿಕೊಂಡಂತಾಗುತ್ತದೆ.