ದ್ವಾರಪಾಲಕನಿಗೆ ಸರಸ್ವತಿ ಒಲಿಯಬಾರದೆ?

ಇಂಗ್ಲೆಂಡಿನ ಕವೆಂಟ್ರಿ ಪಟ್ಟಣದ ಗ್ರಂಥಕರ್ತರಾದ ಜೆಫ್ ಥಾಂಪ್ಸನ್ನರು ಪೂರ್ವದಲ್ಲಿ ಒಂಬತ್ತು ವರ್ಷಕಾಲ ಆ ಊರಿನ ನೈಟ್‌ಕ್ಲಬ್ಬುಗಳಲ್ಲಿ ಬೌನ್ಸರ್ ಆಗಿದ್ದವರು. ಎಂದರೆ, ಕುಡಿದು ಕಲಹಕ್ಕೆ ನಿಂತವರನ್ನು ಹೊರದೂಡುವ ಬಾಗಿಲ ಕಾವಲುಗಾರರು. “ಇಂಥವರ ಬರಹವೂ ಸಾಹಿತ್ಯವೆ? ಅವರ ಊರಿನವರನ್ನು ಕೇಳಿದರೆ ಹೊಡೆದಾಟದ ಕಥೆಯನ್ನಲ್ಲದೆ ಮತ್ತೇನನ್ನು ಹೇಳಿಯಾರು?” ಎಂದು ವಿದ್ವಾಂಸರಾದ ಮಿತ್ರರೊಬ್ಬರು ನನ್ನನ್ನು ಕೇಳಿದರು. ಇದೇ ಪೂರ್ವಪಕ್ಷ.

ಊರಿನ ನೆನಪನ್ನು ನಾನು ಅಲ್ಲಗಳೆಯುವುದಿಲ್ಲ. ಪೆಟ್ಟು ತಿಂದವನು ಪೆಟ್ಟನ್ನು ಮರೆಯತಕ್ಕದ್ದೆಂದು ವಿಧಿಸಲು ನಾವಾರು? ಆದರೆ ಊರು ಕಂಡುದು ಮುಷ್ಟಿಯನ್ನು. ಅದರ ಹಿಂದಿದ್ದ ನಡುಕವನ್ನಲ್ಲ. ಥಾಂಪ್ಸನ್ನರು ಆ ಬಾಗಿಲಿಗೆ ಹೋದುದು ಶೌರ್ಯಾತಿಶಯದಿಂದಲ್ಲ. ಭಯವೂ ವಿಷಾದವೂ ತಮ್ಮನ್ನು ಪೀಡಿಸುತ್ತಿರಲು, ಭಯವನ್ನು ಅದರ ಮನೆಯಲ್ಲಿಯೇ ಎದುರಿಸುವೆನೆಂದು ಹೋದರು. ಭಯವನ್ನೇನೋ ಗೆದ್ದರು, ಆದರೆ ಹಿಂಸೆಯ ಕೈಗೆ ಸಿಕ್ಕಿದರು. ಇವೆರಡನ್ನೂ ಮರೆಮಾಚದೆ ‘ವಾಚ್ ಮೈ ಬ್ಯಾಕ್’ ಎಂಬ ಆತ್ಮವೃತ್ತದಲ್ಲಿ ಬರೆದರು. ಅವರು ಕಥೆ ಬರೆದ ‘ಬ್ರೌನ್ ಪೇಪರ್ ಬ್ಯಾಗ್’ ಎಂಬ ಕಿರುಚಿತ್ರಕ್ಕೆ ೨೦೦೪ರಲ್ಲಿ ಬಾಫ್ಟಾ ಪ್ರಶಸ್ತಿ ದೊರಕಿತು. ಹೀಗಿರಲು, ಊರವರು ಗುಟ್ಟೆಂದು ಪಿಸುಗುಟ್ಟುವುದನ್ನು ಆತನೇ ಅಚ್ಚುಹಾಕಿಸಿ ಲೋಕದ ಮುಂದಿಟ್ಟಿರುವಾಗ, ನಿಂದಕರಿಗೆ ಉಳಿದ ಬಂಡವಾಳವೇನು?

ನಮ್ಮ ಮಿತ್ರರು ನಿತ್ಯವೂ ರಾಮಾಯಣ ಪಾರಾಯಣ ಮಾಡತಕ್ಕವರು. ಅಧ್ಯಾತ್ಮರಾಮಾಯಣದಲ್ಲಿ ವಾಲ್ಮೀಕಿಯು ತಾನು ಕಿರಾತರೊಡನೆ ಸೇರಿ ದಾರಿಗರನ್ನು ಸುಲಿದ ವೃತ್ತಾಂತವನ್ನು ಸಾಕ್ಷಾತ್ ಶ್ರೀರಾಮನಿಗೇ ಹೇಳಿಕೊಳ್ಳುತ್ತಾನೆ. ಥಾಂಪ್ಸನ್ನರು ವಾಲ್ಮೀಕಿಗೆ ಸಮಾನರೆಂದು ನಾನು ಹೇಳುತ್ತಿಲ್ಲ. ಆದಿಕವಿಗೆ ಕೊಟ್ಟ ನ್ಯಾಯವನ್ನು ಅನ್ಯರಿಗೆ ಕೊಡದಿರುವುದು ಪಂಡಿತಲಕ್ಷಣವಲ್ಲವೆಂದಷ್ಟೇ ನನ್ನ ವಾದ.

ಹೊಡೆದಾಟದ ರುಚಿಗಾಗಿಯೇ ಆ ಗ್ರಂಥವನ್ನು ಹೊಗಳುವವರೂ ಉಂಟು. ಅವರೂ ತಪ್ಪಿದರು. ತಾನು ಮಾಡಿದುದಕ್ಕೆ ತಾನೇ ಹೇಸಿದವನ ಬರಹದಲ್ಲಿ ವೀರರಸವನ್ನು ಹುಡುಕುವುದು ಔಷಧವನ್ನು ಚೆಲ್ಲಿ ಸೀಸೆಯನ್ನು ನೆಕ್ಕಿದಂತೆ.

ಆ ಕವೆಂಟ್ರಿಯಲ್ಲಿಯೇ ನಮಗೊಂದು ಪಾಠವಿದೆ. ೧೯೪೦ರ ನವೆಂಬರ್ ೧೪ರ ರಾತ್ರಿ ಜರ್ಮನರ ಬಾಂಬುಗಳಿಂದ ಅಲ್ಲಿಯ ಪ್ರಾಚೀನ ಮಹಾದೇವಾಲಯವು ಉರಿದುಹೋಯಿತು. ಊರವರು ಆ ಪಾಳುಗೋಡೆಗಳನ್ನು ಕೆಡವಲಿಲ್ಲ. ಅವುಗಳ ಪಕ್ಕದಲ್ಲಿಯೇ ಹೊಸ ದೇವಾಲಯವನ್ನು ಕಟ್ಟಿ ೧೯೬೨ರಲ್ಲಿ ಪ್ರತಿಷ್ಠೆ ಮಾಡಿದರು. ಇಂದಿಗೂ ಎರಡೂ ಜೊತೆಯಾಗಿ ನಿಂತಿವೆ. ಕಲ್ಲಿನ ವಿಷಯದಲ್ಲಿ ಸಾಧ್ಯವಾದ ಈ ವಿವೇಕವು ಮನುಷ್ಯನ ವಿಷಯದಲ್ಲಿ ಏಕೆ ಅಸಾಧ್ಯ?

ಇಷ್ಟು ಬಿಸಿಯಾಗಿ ಬರೆಯಲು ನನಗೊಂದು ಸ್ವಂತ ಕಾರಣವೂ ಉಂಟು. ನಾನು ಉಪಾಧ್ಯಾಯನಾಗಿದ್ದಾಗ ಗರಡಿಯ ಹುಡುಗನೊಬ್ಬನು ತಾನು ಬರೆದ ಪದ್ಯವನ್ನು ತಂದು ತೋರಿಸಿದನು. “ನಿನಗೆ ಮಟ್ಟಿಯೇ ಸಾಕು, ಮಾತ್ರೆಯ ಗೊಡವೆ ಏಕಪ್ಪ?” ಎಂದೆನು. ತರಗತಿಯೆಲ್ಲ ನಕ್ಕಿತು, ಅವನೂ ನಕ್ಕನು. ಮತ್ತೆಂದೂ ಅವನು ಪದ್ಯ ತರಲಿಲ್ಲ. ಅಂದು ಬಾಗಿಲಲ್ಲಿ ನಿಂತು ಹೊರದೂಡಿದವನು ನಾನು. ಆ ಕೆಲಸಕ್ಕೆ ನನಗೆ ಮುಷ್ಟಿ ಬೇಕಾಗಲಿಲ್ಲ. ಒಂದು ಚಮತ್ಕಾರದ ಮಾತು ಸಾಕಾಯಿತು.

ಸರಸ್ವತಿಯ ಮಂದಿರಕ್ಕೆ ಯಾರು ಬರಬೇಕೆಂಬುದನ್ನು ಅವಳೇ ನಿಶ್ಚಯಿಸಲಿ. ನಾವು ಬಾಗಿಲು ಬಿಟ್ಟು ಸರಿದು ನಿಲ್ಲೋಣ.