ನಲವತ್ತೆರಡನೆಯ ದಿನದ ಸಿಗರೇಟು

ನಮ್ಮ ಹೋಟೆಲುಗಳಲ್ಲಿ ಸಿಗರೇಟು ಬಿಟ್ಟವರನ್ನು ಸ್ಥೂಲವಾಗಿ ಮೂರು ಪಂಗಡಗಳಾಗಿ ವಿಂಗಡಿಸಬಹುದು.

ಮೊದಲನೆಯವರು ಬಜೆಟ್ ತ್ಯಾಗಿಗಳು. ತಂಬಾಕಿನ ಮೇಲೆ ತೆರಿಗೆ ಏರಿದ ದಿನವೇ "ಸರಕಾರಕ್ಕೆ ದುಡಿದದ್ದು ಸಾಕು" ಎಂದು ಗಲ್ಲಾದಲ್ಲಿ ಕುಳಿತು ಘೋಷಿಸುತ್ತಾರೆ. ಹೋಳಿ ಹುಣ್ಣಿಮೆಯೊಳಗೆ ಹೊಸ ದರಕ್ಕೆ ಒಗ್ಗಿಕೊಂಡಿರುತ್ತಾರೆ. ಇಡ್ಲಿಯ ಬೆಲೆ ಏರಿಸಿದಾಗ ನಮ್ಮ ಗಿರಾಕಿಗಳೂ ಒಂದು ವಾರ ಮುನಿಸಿಕೊಂಡು ಮತ್ತೆ ಅದೇ ಟೇಬಲ್ಲಿಗೆ ಬರುವುದಿಲ್ಲವೇ? ಇದೂ ಹಾಗೆಯೇ.

ಎರಡನೆಯವರು ಬಿಟ್ಟಿರುವುದು ಸಿಗರೇಟು ಕೊಳ್ಳುವುದನ್ನು ಮಾತ್ರ. ಸಂಘದ ಸಭೆಯಲ್ಲಿ ವಂದನಾರ್ಪಣೆಗೆ ಮುಂಚೆಯೇ ಹೊರಗೆ ಬಂದು, "ಒಂದು ಕೊಡಿ ಮಾರಾಯ್ರೆ, ನಾನು ಬಿಟ್ಟಿದ್ದೇನೆ" ಎಂದು ಕೈ ಚಾಚುವವರು ಇವರೇ.

ಮೂರನೆಯವರು ಮಾಲಾಧಾರಿಗಳು. ಇವರ ಬಗ್ಗೆ ನನಗೆ ನಿಜವಾಗಿಯೂ ಗೌರವವಿದೆ. ಅಯ್ಯಪ್ಪ ಸ್ವಾಮಿಯ ಮಾಲೆ ಧರಿಸಿದ ಕ್ಷಣದಿಂದ 41 ದಿನ ಇವರು ಸಿಗರೇಟನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಹಾಗೆಂದು ಆ ದಿನಗಳಲ್ಲಿ ಹೋಟೆಲಿನ ತಾಪತ್ರಯ ಕಡಿಮೆಯಾಗುತ್ತದೆಯೇ? ದೋಸೆ ಭಟ್ಟರು ಹೇಳದೆ ಕೇಳದೆ ಊರಿಗೆ ಹೋಗುತ್ತಾರೆ, ಗ್ಯಾಸ್ ಸಿಲಿಂಡರ್ ತಡವಾಗುತ್ತದೆ, ಲೈಸೆನ್ಸ್ ನವೀಕರಣದ ಓಡಾಟವೂ ಇರುತ್ತದೆ. ಉಳಿದ ದಿನಗಳಲ್ಲಿ "ಟೆನ್ಶನ್ ಮಾರಾಯ್ರೆ, ಸೇದದಿದ್ದರೆ ತಲೆ ಓಡುವುದಿಲ್ಲ" ಎನ್ನುತ್ತಿದ್ದವರು ಇದೆಲ್ಲವನ್ನೂ ಒಂದು ದಮ್ಮೂ ಎಳೆಯದೆ ನಿಭಾಯಿಸುತ್ತಾರೆ. ಆದರೆ ಶಬರಿಮಲೆಯಿಂದ ಮರಳಿ ಮಾಲೆ ತೆಗೆದ ಮರುದಿನ, ಪಾನ್ ಅಂಗಡಿಯ ಮುಂದೆ ಮತ್ತೆ ಹಾಜರ್!

ನನ್ನ ತಕರಾರು ಈ ನಲವತ್ತೆರಡನೆಯ ದಿನದ ಸಿಗರೇಟಿನ ಮೇಲೆ. ಸೇದುವುದನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ನಿಕೋಟಿನ್ ದೇಹದಿಂದ ಹೊರಹೋಗುತ್ತದೆ. ಸಿಡುಕು, ನಿದ್ದೆಗೇಡು ಮೊದಲ ವಾರ ಹೆಚ್ಚು. ಮೂರು ನಾಲ್ಕು ವಾರಗಳಲ್ಲಿ ಬಹುತೇಕರಿಗೆ ಅದು ಇಳಿದಿರುತ್ತದೆ. ಅಂದರೆ 41 ದಿನ ದಾಟಿದವರು ದೊಡ್ಡ ಘಟ್ಟವನ್ನು ಹತ್ತಿ ಇಳಿದಾಗಿದೆ. ಮರಳಿ ಎಳೆಯುವುದು ಹೆಚ್ಚಾಗಿ ಅಭ್ಯಾಸ. ನಮ್ಮ ಉದ್ಯಮದಲ್ಲಿ ಆ ಅಭ್ಯಾಸಕ್ಕೆ ಹೊತ್ತು ಗೊತ್ತು ಉಂಟು: ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೂರು ಗಂಟೆಯ ಕಟಿಂಗ್ ಚಹಾ, ಮತ್ತು ರಾತ್ರಿ ಗಲ್ಲಾ ಎಣಿಸಿದ ಮೇಲಿನ ಬಿಡುವು. ಆ ಚಹಾವನ್ನು ಹಿಂಬಾಗಿಲಲ್ಲಿ ನಿಂತು ಕುಡಿಯುವ ಬದಲು ಒಳಗೆ ಕುಳಿತು ಕುಡಿಯಿರಿ. ಸೇದಬೇಕೆಂಬ ತುಡಿತ ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು. ಒಂದು ಮಸಾಲೆ ದೋಸೆ ಹುಯ್ದು, ಕೆಂಪಗೆ ಕಾಯಿಸಿ, ಮಡಚಿ ತಟ್ಟೆಗೆ ಹಾಕುವಷ್ಟು ಹೊತ್ತು ತಡೆದರೆ ಬಹಳ ಸಲ ಅದು ತಾನಾಗಿ ಇಳಿಯುತ್ತದೆ.

ಲೆಕ್ಕ ನಮಗೆ ಯಾರೂ ಕಲಿಸಬೇಕಾಗಿಲ್ಲ. ದಿನಕ್ಕೆ 10 ಸಿಗರೇಟು, ಒಂದಕ್ಕೆ 7 ನಿಮಿಷವೆಂದರೂ 70 ನಿಮಿಷ. ತಿಂಗಳಿಗೆ 35 ಗಂಟೆ! ಸಪ್ಲೈಯರ್ ಹುಡುಗನೊಬ್ಬ ತಿಂಗಳಿಗೆ 35 ಗಂಟೆ ಹೊರಗೆ ನಿಂತರೆ ನಾವು ಸುಮ್ಮನಿರುತ್ತೇವೆಯೇ?

ಹುಡುಗರ ಮಾತು ಬಂದಾಗ ತಮಾಷೆ ಸಾಕು. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ನಿಯಮ 2008ರ ಅಕ್ಟೋಬರ್ 2ರಂದು ಜಾರಿಯಾಯಿತು. ಕಾನೂನಿನ ಪ್ರಕಾರ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಫಲಕವನ್ನು ನಾವು ಗೋಡೆಗೆ ಹಾಕಿದ್ದೇವೆ, ಟೇಬಲ್ ಮೇಲಿನ ಆ್ಯಶ್‌ಟ್ರೇ ತೆಗೆದಿದ್ದೇವೆ. ಗಿರಾಕಿ ಸೇದಿದರೆ ನಮಗೂ ದಂಡ ಬೀಳುತ್ತದೆಂದು ಕಣ್ಣಿಟ್ಟಿದ್ದೇವೆ. ಆದರೆ ಹಿಂಬಾಗಿಲಲ್ಲಿ, ಪಾತ್ರೆ ತೊಳೆಯುವ ಜಾಗದ ಪಕ್ಕದಲ್ಲಿ, ಊರಿನಿಂದ ಬಂದ ಹುಡುಗ ಧನಿಯನ್ನು ನೋಡಿ ಕಲಿಯುವುದನ್ನು ಯಾವ ಫಲಕವೂ ತಡೆಯುವುದಿಲ್ಲ. ಕರಾವಳಿಯಲ್ಲಿ ಎಷ್ಟೋ ತಾಯಂದಿರು ಬೀಡಿ ಕಟ್ಟಿ ಮಕ್ಕಳ ಶಾಲೆಯ ಫೀಸು ತುಂಬಿದ್ದಾರೆ. ಆ ಮಕ್ಕಳು ಪರವೂರಿನಲ್ಲಿ ದುಡಿದು ಊರಿಗೆ ಹಣ ಕಳುಹಿಸಲಿ ಎಂದು ಹರಸಿ ಕಳುಹಿಸಿದ ತಾಯಿಗೆ, ಮಗ ಕೆಮ್ಮು ಹೊತ್ತು ಮರಳಿದರೆ ನಾವು ಏನು ಉತ್ತರ ಹೇಳೋಣ?

ಆದುದರಿಂದ ಬಿಡುವುದು ಗಲ್ಲಾದಿಂದಲೇ ಶುರುವಾಗಲಿ. ಧನಿ ಬಿಟ್ಟರೆ ಭಟ್ಟರು ಯೋಚಿಸುತ್ತಾರೆ, ಭಟ್ಟರು ಬಿಟ್ಟರೆ ಹುಡುಗರು ಹಿಂಜರಿಯುತ್ತಾರೆ. ಒಬ್ಬರೇ ಆಗದಿದ್ದರೆ ವೈದ್ಯರಿದ್ದಾರೆ. 1800-11-2356 ಎಂಬ ಉಚಿತ ಸಹಾಯವಾಣಿಯೂ ಇದೆ. ಆ ಸಂಖ್ಯೆ ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿದೆ. ಇಷ್ಟು ವರ್ಷ ಪ್ಯಾಕು ಹಿಡಿದವರು ಒಮ್ಮೆ ಅದನ್ನು ಓದಿಯೂ ನೋಡಬಹುದು.

ಈ ಸಲ ಮಾಲೆ ಧರಿಸುವ ಬಂಧುಗಳಲ್ಲಿ ಒಂದೇ ವಿನಂತಿ. ಯಾತ್ರೆ ಮುಗಿದ ಮೇಲೆ ಮಾಲೆ ತೆಗೆಯಿರಿ, ಕಪ್ಪು ಬಟ್ಟೆ ಮಡಚಿಡಿ, ಚಪ್ಪಲಿ ಮೆಟ್ಟಿಕೊಳ್ಳಿ. ಆ ಒಂದು ನಿಯಮವನ್ನು ಮಾತ್ರ ಹಾಗೆಯೇ ಇಟ್ಟುಕೊಳ್ಳಿ. ಸ್ವಾಮಿಯೂ ಬೇಡ ಎನ್ನಲಾರ, ಮನೆಯವರಂತೂ ಖಂಡಿತ ಬೇಡ ಎನ್ನಲಾರರು.