ಇಂಗ್ಲಿಷಿನ ಲಯಕ್ಕೂ ಕಿವಿಗೊಡಬೇಕು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬೋಧನೆ ನಡೆದಿದ್ದರೂ, ಆ ಭಾಷೆಯ ಪ್ರಾಣಸ್ವರೂಪವಾದ ಸ್ವರಾಘಾತ, ಲಯ ಮತ್ತು ಧ್ವನಿಯ ಏರಿಳಿತಗಳು ಲಿಖಿತ ಪರೀಕ್ಷೆಯ ಪರಿಧಿಗೆ ನಿಲುಕದವಾದ್ದರಿಂದ ಉಪೇಕ್ಷಿತವಾಗುತ್ತಿರುವುದು ನನಗೆ ಖೇದಕರವಾಗಿ ತೋರುತ್ತದೆ. ಕನ್ನಡದಲ್ಲಿ ಪ್ರತಿಯೊಂದು ಅಕ್ಷರವೂ ತನ್ನ ಮಾತ್ರೆಗೆ ತಕ್ಕ ಕಾಲವನ್ನು ಪಡೆಯುವುದು. ಇಂಗ್ಲಿಷಿನಲ್ಲಾದರೋ ಒತ್ತು ಬಿದ್ದ ಅಕ್ಷರವು ದೀರ್ಘವೂ ಸ್ಫುಟವೂ ಆಗಿ, ಉಳಿದವು ಸಂಕೋಚಗೊಳ್ಳುತ್ತವೆ. ‘ಫೋಟೋಗ್ರಾಫ್’ ಎಂಬಲ್ಲಿ ಮೊದಲನೆಯ ಅಕ್ಷರದ ಮೇಲಿರುವ ಒತ್ತು ‘ಫೊಟಾಗ್ರಫಿ’ ಎಂಬಲ್ಲಿ ಎರಡನೆಯದಕ್ಕೆ ಸರಿಯುವುದನ್ನು ಇಂಗ್ಲಿಷಿನ ಬರವಣಿಗೆಯು ಸೂಚಿಸದಿರುವುದರಿಂದ, ಅದನ್ನು ಕಿವಿಯಿಂದಲೇ ಕಲಿಯಬೇಕಾಗಿದೆ.

ಮನೆಯಲ್ಲಿ ಕನ್ನಡವನ್ನೋ ಉರ್ದುವನ್ನೋ ಮರಾಠಿಯನ್ನೋ ಆಡುತ್ತ, ಭಜನೆಯ ತಾಳಕ್ಕೂ ಮೊಹರಮ್ಮಿನ ಹೆಜ್ಜೆಮೇಳಕ್ಕೂ ಒಗ್ಗಿ ಬೆಳೆದ ಈ ಸೀಮೆಯ ಮಕ್ಕಳಿಗೆ ಲಯಜ್ಞಾನವು ಸಹಜವಾಗಿಯೇ ಲಭಿಸಿದೆ. ಆದುದರಿಂದ ಪಾಠದ ವಾಕ್ಯಗಳನ್ನು ಚಪ್ಪಾಳೆಯ ಒತ್ತಿನೊಡನೆ ಗಟ್ಟಿಯಾಗಿ ಆಡಿಸುವ ಕ್ರಮವನ್ನು ನಮ್ಮ ಉಪಾಧ್ಯಾಯರು ಕೈಗೊಳ್ಳಲಿ. 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿಯು, ದೂರಪ್ರಯಾಣದ ಕ್ಲೇಶವಿಲ್ಲದೆ, ಭೀಮಾತೀರದ ತಾಲೂಕು ಕೇಂದ್ರಗಳಲ್ಲಿಯೇ ಅವರಿಗೆ ದೊರೆಯಲಿ. ವಿಲಾಯತಿಯ ಉಚ್ಚಾರಣೆಯ ಅನುಕರಣವನ್ನು ನಾನು ಬಯಸುವವನಲ್ಲ. ಜೇವರ್ಗಿಯ ಹುಡುಗಿಯೊಬ್ಬಳು ಸಂದರ್ಶನದಲ್ಲಿ ಆಡಿದ ಮಾತು, ಎರಡನೆಯ ಸಲ ಹೇಳಿಸಿಕೊಳ್ಳದೆ, ಕೇಳುವವರಿಗೆ ಗ್ರಾಹ್ಯವಾದರೆ ಸಾಕು.